ಜಾಲಿ ಕೊರಡಿನ ಐದು ಏಟು

ಬಂಡೆ ಮಾತಾಡುತ್ತದೆ ಎಂದರೆ ನಗುವವರು ಒಂದು ಪಾಳಿಯಾದರೂ ಗಣಿಯೊಳಗೆ ಕೂತು ಬರಲಿ. ಹೊನ್ನಗುಡ್ಡದ ಚಿನ್ನದ ಗಣಿಯಲ್ಲಿ ಹತ್ತೊಂಬತ್ತು ವರ್ಷ ನನ್ನ ಕೆಲಸ ಅದೇ ಆಗಿತ್ತು. ನೆಲದ ಮೇಲೆ ಒಂದು ಸಣ್ಣ ಕೋಣೆ, ಅದರೊಳಗೆ ನಾನು, ನನ್ನ ಕಿವಿಯ ಮೇಲೆ ಎರಡು ಬಟ್ಟಲು, ಅವುಗಳ ತಂತಿ ಮುಕ್ಕಾಲು ಕಿಲೋಮೀಟರ್ ಆಳಕ್ಕೆ ಇಳಿದಿರುತ್ತಿತ್ತು. ಎಲ್ಲಿ ಬಂಡೆ ಬಿರಿಯುತ್ತಿದೆ, ಎಲ್ಲಿ ಮಾಡು ಕುಸಿಯಲಿದೆ ಎಂದು ಕೇಳಿ ಬರೆದುಕೊಡಬೇಕು. ಜನ ನನ್ನನ್ನು ಕಿವಿ ಸಾಬಣ್ಣ ಎಂದು ಕರೆಯುತ್ತಿದ್ದರು. ಗಣಿ ಮುಚ್ಚಿ ಇಪ್ಪತ್ತೊಂದು ವರ್ಷವಾಯಿತು. ಈಗ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ತನಗೆ ಬೇಕಾದದ್ದನ್ನು ಮಾತ್ರ ಕೇಳುತ್ತದೆ. ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಆ ಮಂಗಳವಾರ ಮಧ್ಯಾಹ್ನ ಹುಲಿಗೆಮ್ಮನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಗಣಿ ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಅವಳದು ಒಂಬತ್ತನೇ ಮನೆ, ನನ್ನದು ಹತ್ತನೆಯದು. ನನ್ನ ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನದ ರೊಟ್ಟಿ ಅವಳದೇ. ಅದಕ್ಕೆ ಬದಲಾಗಿ ನಾನು ಅವಳಿಗೆ ಪೇಪರು ಓದಿ ಹೇಳುತ್ತೇನೆ, ಬೇಡವೆಂದರೂ ಬುದ್ಧಿ ಹೇಳುತ್ತೇನೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಗ್ಗರಣೆ ಹಾಕಿದ ಅಣಬೆ ಪಲ್ಯ. ಎರಡನೇ ರೊಟ್ಟಿಗೆ ಕೈಯಿಟ್ಟಾಗ ಗಡಿಯಾರ ಎರಡು ಹೊಡೆಯಿತು. ಅದರ ಬೆನ್ನಿಗೇ ಬಚ್ಚಲಿನ ಕಡೆಯಿಂದ ಟಕ್ ಎಂಬ ಸದ್ದು ಬಂತು. ಐದು ಸಲ ಬಂದು ನಿಂತಿತು.

"ಕೊರಡಿಗೆ ನೀರಡಿಕಿ ಆಗೇತಿ ನೋಡವ್ವಾ," ಎಂದೆ.

"ಮುಂಜಾನೆ ತೋಯ್ಸೀನಿ ಕಾಕಾ. ನೀರಡಿಕಿ ಆದ್ರ ಅದು ಸುಮ್ಮನಾಗಂಗಿಲ್ಲ, ಹಸಗೂಸಿನಂಗ ಹಟ ಹಿಡೀತದ. ಇದು ಐದ ಸಲ ಬಡದು ಬಾಯಿ ಮುಚ್ಚಿತು. ಮುಂಜಾನೆ ಆರಕ್ಕೂ ಹಿಂಗ ಆತು."

ಕೊರಡಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಕಡೆ ಬೇಸಿಗೆ ಎಂಟು ತಿಂಗಳಾದ ಮೇಲೆ ತೊಗರಿಬೇಳೆ ಎನ್ನುವುದು ಹಬ್ಬದ ಪದಾರ್ಥವಾಯಿತು. ಆಗ ಅಣಬೆ ಪ್ರಯೋಗಾಲಯದವರು ಮನೆಮನೆಗೂ ಜಾಲಿ ಮರದ ಕೊರಡು ಹಂಚಿದರು. ಮೊಳಕಾಲುದ್ದದ ತುಂಡು, ಅದಕ್ಕೆ ಸಾಲಾಗಿ ತೂತು, ತೂತಿನಲ್ಲಿ ಅಣಬೆಯ ಬೇರು ಹತ್ತಿದ ಮರದ ಗೂಟ, ಮೇಲೆ ಮೇಣದ ಮುಚ್ಚಳ. ನೆರಳಲ್ಲಿಟ್ಟು ಗೋಣಿತಟ್ಟು ಹೊದಿಸಿ ಒದ್ದೆಯಾಗಿಟ್ಟರೆ ಒಳಗೆಲ್ಲ ಬಿಳಿ ನೂಲು ಹಬ್ಬುತ್ತದೆ. ಹಬ್ಬಿದ ಮೇಲೆ ಒಂದು ದಿನ ನೀರಲ್ಲಿ ಮುಳುಗಿಸಿಟ್ಟು, ತಲೆಯ ಮೇಲೆ ಕೊಡತಿಯಿಂದ ಮೂರು ಏಟು ಹಾಕಬೇಕು. ಗುಡುಗಿದರೆ ಅಣಬೆ ಏಳುತ್ತದೆ ಎಂದು ಹಿರಿಯರು ಹೇಳುತ್ತಿದ್ದರಲ್ಲ, ಇದು ಕೈಯಿಂದ ಮಾಡಿದ ಗುಡುಗು. ನಾಲ್ಕನೇ ದಿನಕ್ಕೆ ಕೊರಡಿನ ಮೈತುಂಬ ಕಂದು ಕೊಡೆಗಳು ಬಿರಿಯುತ್ತವೆ. ಒಂದು ಕೊರಡು ಐದು ವರ್ಷ ಉಣಿಸುತ್ತದೆ.

ಪ್ರತಿ ಕೊರಡಿಗೂ ಎರಡು ಸೂಜಿ ಚುಚ್ಚಿದ ಗುಂಡಿಯಂಥ ಯಂತ್ರ ಕೊಟ್ಟಿದ್ದರು. ಜನ ಅದನ್ನು ಕಿವಿ ಎನ್ನುತ್ತಾರೆ. ಅಣಬೆಯ ನೂಲಿನಲ್ಲಿ ಹರಿಯುವ ಅತಿ ಸಣ್ಣ ವಿದ್ಯುತ್ತಿನ ಮಿಡಿತವನ್ನು ಅದು ಟಕ್ ಎಂಬ ಸದ್ದಾಗಿ ತಿರುಗಿಸುತ್ತದೆ. ನೀರು ಬೇಕಾದರೆ ಕೊರಡು ಕರೆಯುತ್ತದೆ, ಹುಳ ಹತ್ತಿದರೆ ಬೇರೆ ಥರ ಕರೆಯುತ್ತದೆ. ನನ್ನ ಕೊರಡು ಹೀಗೆ ಕರೆದು ಕರೆದು ಎರಡು ವರ್ಷದ ಹಿಂದೆ ಒಣಗಿ ಸತ್ತಿತು. ಎಡಗಿವಿಯ ಕಡೆ ಇಟ್ಟಿದ್ದೆ. ಹುಲಿಗೆಮ್ಮನದು ಮಾತ್ರ ಇಡೀ ಕಾಲೊನಿಯಲ್ಲಿ ಹೆಸರಾದ ಕೊರಡು. ಬಚ್ಚಲಿನ ತಂಪಿನಲ್ಲಿ ಅದನ್ನು ಮಣೆಯ ಮೇಲೆ ಕೂರಿಸಿ, ದಿನಕ್ಕೆ ಎರಡು ಸಲ ಮೈ ಒರೆಸುತ್ತಿದ್ದಳು. ಮಾತಾಡಿಸುತ್ತಲೂ ಇದ್ದಳು. ಮನೆಯಲ್ಲಿ ಮಾತಾಡಿಸಲು ಬೇರೆ ಯಾರಿದ್ದರು?

ಇಪ್ಪತ್ತೆರಡು ವರ್ಷದಿಂದ ಅವಳ ಗಂಡ ಮನೆಗೆ ಬಂದಿಲ್ಲ. ಅಮರೇಶ ಗಣಿಯಲ್ಲಿ ಮರದ ಕೆಲಸದವನು, ಮಾಡು ಬೀಳದಂತೆ ಕಂಬ ನಿಲ್ಲಿಸಿ ಬೆಣೆ ಬಡಿಯುವವನು. ಒಂದು ಸಂಜೆ ಉಣ್ಣುತ್ತಿದ್ದವನು ತಾಟು ಬಿಟ್ಟು ಎದ್ದು ಹೋದ, ಅಷ್ಟೇ. ಗೋವಾಕ್ಕೆ ಯಾರನ್ನೋ ಕಟ್ಟಿಕೊಂಡು ಹೋದನೆಂದು ಊರು ತೀರ್ಮಾನ ಮಾಡಿತು. ಸೊಲ್ಲಾಪುರದ ಸ್ಟೇಷನ್ನಿನಲ್ಲಿ ನೋಡಿದೆನೆಂದು ಒಬ್ಬ ಆಣೆ ಮಾಡಿದ, ಅವನು ಜನ್ಮದಲ್ಲಿ ಸೊಲ್ಲಾಪುರಕ್ಕೆ ಹೋದವನಲ್ಲ. ಹುಲಿಗೆಮ್ಮ ಹಣೆಯ ಕುಂಕುಮ ತೆಗೆಯಲಿಲ್ಲ, ಹಸಿರು ಬಳೆ ತೆಗೆಯಲಿಲ್ಲ. ಆದರೆ ಮದುವೆ ಮನೆಗಳಲ್ಲಿ ಉಡಿ ತುಂಬುವಾಗ ಅವಳ ಸರದಿ ಬಂದರೆ ಹೆಂಗಸರ ಕೈ ಒಂದು ಗಳಿಗೆ ತಡೆಯುತ್ತಿತ್ತು. ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆಮೇಲೆ ಅವಳು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಳು.

ಗುರುವಾರ ಪ್ರಯೋಗಾಲಯದಿಂದ ಕರೆ ಬಂತು.

ಪ್ರಯೋಗಾಲಯವೆಂದರೆ ದೂರವೇನಲ್ಲ. ಜನರನ್ನು ಹೊತ್ತ ಗಣಿಯ ಕೇಜು ಏರಿಸಿ ಇಳಿಸುತ್ತಿದ್ದ ಹಳೆಯ ಯಂತ್ರದ ಮನೆಗೆ ಸುಣ್ಣ ಬಳಿದು ಒಳಗೆ ಏಸಿ ಹಾಕಿದ್ದಾರೆ. ಅಲ್ಲಿನ ಮುಖ್ಯಸ್ಥೆ ಡಾಕ್ಟರ್ ತಸ್ನೀಮ್, ವಿಜಯಪುರದ ಕಡೆಯ ಹೆಣ್ಣುಮಗಳು, ನಲವತ್ತರ ಒಳಗಿನವಳು. ಗೋಡೆಯ ತುಂಬ ಒಂದು ಪರದೆ, ಪರದೆಯ ತುಂಬ ಹಸಿರು ಚುಕ್ಕಿಗಳು. ಮೂರು ಜಿಲ್ಲೆಯ ನಲವತ್ತು ಸಾವಿರ ಕೊರಡುಗಳಂತೆ. ಅದರಲ್ಲಿ ಇನ್ನೂರು ಚಿಲ್ಲರೆ ಹಳದಿಯಾಗಿದ್ದವು.

"ಕೂಡ್ರಿ ಅಜ್ಜಾರ," ಎಂದಳು. "ಮೊದಲ ಕಂತಿನಾಗ ಹಂಚಿದ ಕೊರಡು ಇವು. ಎಲ್ಲಾ ಒಂದೇ ನಮೂನಿ ಸದ್ದು ಮಾಡ್ಲಿಕ್ಕೆ ಹತ್ಯಾವ. ದಿನಕ್ಕ ಮೂರು ಸಲ. ಮುಂಜಾನೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ನೀರಲ್ಲ, ಹುಳ ಅಲ್ಲ. ನಮ್ಮ ಹುಡುಗರು ಇದು ಬರೀ ಗದ್ದಲ, ಯಂತ್ರದಾಗ ಜರಡಿ ಹಾಕಿ ಸೋಸಿ ಬಿಡೋಣು ಅಂತಾರ. ಸೋಮವಾರ ಹಾಕೋದು. ಅದಕ್ಕ ಮೊದಲ ಸದ್ದು ಬಲ್ಲವರು ಒಬ್ಬರು ಕೇಳಿ ಗದ್ದಲ ಅಂತ ಸಹಿ ಮಾಡಬೇಕು, ನಿಯಮ. ಕಾಲೊನಿ ಒಳಗ ಎಲ್ಲಾರೂ ನಿಮ್ಮ ಹೆಸರ ಹೇಳಿದ್ರು."

ಆರು, ಎರಡು, ಹತ್ತು. ಆ ಮೂರು ಹೊತ್ತು ನನ್ನಂಥವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಗಣಿಯಲ್ಲಿ ಪಾಳಿ ಬದಲಾಗುತ್ತಿದ್ದ ಹೊತ್ತು ಅವು. ಆದರೂ ಅದನ್ನು ಹೇಳದೆ ಒಂದು ಪ್ರಶ್ನೆ ಕೇಳಿದೆ. "ಈ ಅಣಬಿ ಬೀಜ ಎಲ್ಲಿಂದು ತಂದ್ರಿ ಯವ್ವಾ?"

"ಬೀಜ ಅಲ್ಲ ಅಜ್ಜಾರ. ನಮಗ ಸೆಕಿ ತಡಕೊಳ್ಳೋ ಅಣಬಿ ಬೇಕಿತ್ತು. ಗಣಿ ತಳದಾಗ ಕುದಿಯೋ ಸೆಕಿ, ಅಲ್ಲಿ ಕಂಬಕ್ಕ ಹತ್ತಿದ ಅಣಬಿ ಬದುಕಿರ್ತದ ಅಂತ ಸಣ್ಣ ಕೊಳವಿ ಇಳಿಸಿದ್ವಿ. ಹದಿನಾಲ್ಕನೇ ಮಜಲಿನಾಗ ಒಂದು ಕಂಬ ಸಿಕ್ತು. ಬೆಣಿ ಹೊಡದ ತಲಿ ಕಡೆಯಿಂದ ಬೆರಳಿನಷ್ಟು ತುಂಡು ಕೊರದು ತಂದ್ವಿ. ಅದನ್ನ ಕತ್ತರಿಸಿ ಬೆಳೆಸಿದ್ದು, ಮತ್ತ ಕತ್ತರಿಸಿ ಬೆಳೆಸಿದ್ದು. ಹಿಂಗಾಗಿ ಎಲ್ಲಾ ಕೊರಡಿನಾಗ ಇರೋದು ಅದರ ಮಕ್ಕಳಲ್ಲ, ಅದ. ಒಂದೇ ಜೀವ, ನಲವತ್ತು ಸಾವಿರ ಮನಿ."

ಮಜಲು ಎಂದರೆ ಗಣಿಯೊಳಗಿನ ಅಂತಸ್ತು. ಹದಿನಾಲ್ಕನೆಯದು ಯಾವುದೆಂದು ಆ ಹುಡುಗಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದರ ಬಾಯಿಗೆ ಕಾಂಕ್ರೀಟು ಸುರಿದ ದಿನ ನಾನು ಅಲ್ಲೇ ನಿಂತಿದ್ದೆ.

"ಅದಕ್ಕ ಒಂದು ವಿಚಿತ್ರ ಗುಣ ಅದ," ಎಂದು ಅವಳು ಮುಂದುವರಿಸಿದಳು. "ಒಂದೇ ತಾಳದಾಗ ಬಹಳ ಸಲ ಬಡದ್ರ ಆ ತಾಳ ನೂಲಿನಾಗ ಉಳೀತದ. ಮಿಡಿತ ಆಗಿ ಸುತ್ತಕೋತ ಇರ್ತದ. ಈಗ್ಯಾಕ ಹೊರಗ ಬರಾಕತ್ತದೋ ನಮಗೂ ತಿಳಿದಿಲ್ಲ. ಕೊರಡಿನ ಸತ್ವ ಮುಗೀಲಿಕ್ಕೆ ಬಂದಾಗ ಹಳೇದು ಮ್ಯಾಲ ಬರ್ತದೋ ಏನೋ, ವಯಸ್ಸಾದವರಿಗೆ ಆಗ್ತದಲ್ಲ, ಹಂಗ. ಇಲ್ಲೇ ಲ್ಯಾಬಿನಾಗ ಒಂದು ಹಳೇ ಕೊರಡು ಒಂಬತ್ತು ದಿನ ಬಡದು ಸತ್ತ ಹೋತು. ಒಂದು ಅಣಬಿನೂ ಬಿಡಲಿಲ್ಲ. ಅದರ ಪೂರ್ತಿ ಸದ್ದು ಕೂಡಿಸಿಟ್ಟೀವಿ, ಕೇಳ್ರಿ."

ಕಿವಿಗೆ ಬಟ್ಟಲು ಹಾಕಿಕೊಂಡೆ. ಇಪ್ಪತ್ತೊಂದು ವರ್ಷದ ಮೇಲೆ ಮತ್ತೆ.

ಐದು. ತಡೆದು, ಐದು. ಮತ್ತೆ ಐದು. ಹನ್ನೊಂದು ಸಲ ಐದೈದು ಏಟು ಬಂದವು. ಹನ್ನೆರಡನೇ ಸಲ ನಾಲ್ಕು. ನಾಲ್ಕು ಮೂರು ಸಲ ಬಂತು. ಆಮೇಲೆ ಎರಡು, ನಾಲ್ಕು ಸಲ. ಆಮೇಲೆ ಒಂದು. ಒಂದೇ ಏಟು, ತಡೆದು ಮತ್ತೊಂದೇ ಏಟು, ಹೀಗೆ ಒಂಬತ್ತು ಸಲ. ಕೊನೆಯವು ಎಷ್ಟು ಮೆಲ್ಲಗಿದ್ದವೆಂದರೆ ತಸ್ನೀಮ್ ಸದ್ದು ಏರಿಸಬೇಕಾಯಿತು. ಅಲ್ಲಿಗೆ ಮುಗಿಯಿತು.

ಒಟ್ಟು ಇಪ್ಪತ್ತೇಳು ಪಾಳಿ. ಒಂಬತ್ತು ದಿನ.

"ಏನನಸ್ತದ್ರಿ?" ಎಂದಳು. ಮೇಜಿನ ಮೇಲೆ ಒಂದು ಕಾಗದವಿತ್ತು. 'ಸದ್ದಿನ ಮೂಲ' ಎಂದು ಅಚ್ಚಾಗಿ, ಮುಂದೆ ಖಾಲಿ ಜಾಗ. "ಗದ್ದಲ ಅಂತ ಬರದ್ರ ಮುಗೀತು."

ಬರೆದುಬಿಡಬಹುದಿತ್ತು. ಒಮ್ಮೆ ಬರೆದವನೇ ತಾನೆ ನಾನು, ಎರಡನೇ ಸಲ ಸುಲಭ ಎನ್ನುತ್ತಾರೆ. ಕಾಗದ ಮಡಚಿ ಜೇಬಿಗಿಟ್ಟುಕೊಂಡೆ. "ಬಲಗಿವಿ ಮ್ಯಾಲ ನಂಬಿಕಿ ಇಲ್ಲ. ಒಂದೆರಡು ದಿನ ಕೊಡು," ಎಂದೆ.

ಈಗ ಹೇಳಲೇಬೇಕು. ಗಣಿಯಲ್ಲಿ ಒಂದು ಪದ್ಧತಿಯಿತ್ತು. ಮಾಡು ಕುಸಿದು ಒಳಗೆ ಸಿಕ್ಕಿಬಿದ್ದವರು ಮಾಡಿಗೆ ತಾಗಿದ ಕಂಬ ಹುಡುಕಿ, ಪಾಳಿ ಬದಲಾಗುವ ಹೊತ್ತಿಗೆ ಸರಿಯಾಗಿ ಅದನ್ನು ಬಡಿಯಬೇಕು. ಎಷ್ಟು ಜನ ಜೀವಂತ ಇದ್ದಾರೋ ಅಷ್ಟು ಏಟು. ಮೇಲಿನವರು ಕೇಳಿದರೆ ಅಷ್ಟೇ ಏಟು ತಿರುಗಿ ಬಡಿಯಬೇಕು. ಕೇಳಿದೆವು, ಬರುತ್ತಿದ್ದೇವೆ ಎಂದು ಅದರ ಅರ್ಥ.

ಎರಡನೇ ಪದ್ಧತಿ ಹಿತ್ತಾಳೆ ಬಿಲ್ಲೆಯದು. ಪ್ರತಿಯೊಬ್ಬನಿಗೂ ಒಂದು ನಂಬರಿನ ಬಿಲ್ಲೆ, ಗಣಿಬಾಗಿಲ ಹಲಗೆಯ ಮೇಲೆ ನೇತಾಡುತ್ತಿರುತ್ತದೆ. ಇಳಿಯುವವನು ಅದನ್ನು ಕಿಟಕಿಯಲ್ಲಿ ಕೊಡಬೇಕು. ತೆಗೆದುಕೊಳ್ಳುವವನು ಹೆಸರು ಕೂಗಬೇಕು, ಇಳಿಯುವವನು "ಹೂಂ" ಅನ್ನಬೇಕು. ಹೂಂ ಅನ್ನದೆ ಕೇಜು ಇಳಿಯುವುದಿಲ್ಲ. ಮೇಲೆ ಬಂದ ಮೇಲೆ ಬಿಲ್ಲೆ ಮತ್ತೆ ಹಲಗೆಗೆ. ಒಳಗೆ ಎಷ್ಟು ಜನ ಇದ್ದಾರೆ ಎನ್ನುವುದಕ್ಕೆ ಹಲಗೆಯೇ ಸಾಕ್ಷಿ.

ಹದಿನಾಲ್ಕನೇ ಮಜಲು ಕುಸಿದ ದಿನ ಅಲ್ಲಿ ಇಳಿದವರು ಹಲಗೆಯ ಪ್ರಕಾರ ನಾಲ್ಕು ಜನ. ನಾನು ಬಟ್ಟಲು ಹಾಕಿಕೊಂಡು ಕೂತೆ. ಪಾಳಿ ಬದಲಾಗುವ ಹೊತ್ತಿಗೆ ಏಟು ಕೇಳಿಸಿತು. ಐದು. ಮುಂದಿನ ಪಾಳಿಗೂ ಐದು. ನಾಲ್ಕು ಪಾಳಿ ಕೇಳಿದೆ, ನಾಲ್ಕೂ ಸಲ ಐದು.

ಎಣಿಕೆ ಹೊಂದದ ಸದ್ದು ಮನುಷ್ಯರದಲ್ಲ ಎಂದು ನಿಯಮವಿತ್ತು. ಸುಮ್ಮನೆ ಮಾಡಿದ ನಿಯಮವಲ್ಲ, ಹಿಂದೆ ಬಂಡೆಯ ಸದ್ದನ್ನು ಜನರ ಸದ್ದೆಂದು ತಿಳಿದು ಒಳಗೆ ನುಗ್ಗಿ ಇಬ್ಬರು ಸತ್ತಿದ್ದರು. ಪಾಳಿ ಬದಲಾದಾಗ ಪಂಪುಗಳು ನಿಂತು ಶುರುವಾಗುತ್ತವೆ, ಆಗ ಬಂಡೆ ಬಡಿಯುವುದು ಹೊಸದಲ್ಲ. ನಾಲ್ಕು ಜನ ಐದು ಏಟು ಹೇಗೆ ಬಡಿಯುತ್ತಾರೆ?

ಎರಡನೇ ದಿನ ಹುಲಿಗೆಮ್ಮ ನನ್ನ ಕೋಣೆಯ ಬಾಗಿಲಿಗೆ ಬಂದಳು. ಇಪ್ಪತ್ತಾರು ವರ್ಷದ ಹೆಣ್ಣು, ತಲೆ ಬಾಚಿರಲಿಲ್ಲ. "ಅವ ಒಳಗ ಅದಾನ್ರಿ ಕಾಕಾ. ನಿನ್ನಿ ಸಂಜಿಗೆ ಉಣ್ಣಾಕತ್ತಿದ್ದ. ಬೆಣಿ ಸಡಲ ಬಿಟ್ಟು ಬಂದೀನಿ, ಐದು ನಿಮಿಷ ಅಂತ ಎದ್ದು ಹೋದ." ಮರದ ಕೆಲಸದವರಲ್ಲಿ ಒಂದು ಕಟ್ಟು, ಬೆಣೆ ಬಡಿದ ಕೈಯೇ ಅದನ್ನು ಬಿಗಿ ಮಾಡಬೇಕು, ಬೇರೆಯವರು ಮುಟ್ಟುವಂತಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನೇನು ಮಾಡಿದೆ? ಅವಳ ರಟ್ಟೆ ಹಿಡಿದು ಹಲಗೆಯ ಮುಂದೆ ನಿಲ್ಲಿಸಿ ಅಮರೇಶನ ಮುನ್ನೂರ ಹದಿನೇಳನೇ ನಂಬರಿನ ಬಿಲ್ಲೆ ತೋರಿಸಿದೆ. ನೇತಾಡುತ್ತಿತ್ತು. "ನೋಡವ್ವಾ, ಇಲ್ಲೇ ಐತಿ. ಅವ ಒಳಗ ಇಲ್ಲ."

ಹೋಗಿ 'ಬಂಡೆಯ ಸದ್ದು' ಎಂದು ಬರೆದು ಸಹಿ ಹಾಕಿದೆ. ನೀರು ನುಗ್ಗುತ್ತಿತ್ತು, ಮಜಲಿನ ಬಾಯಿ ಮುಚ್ಚಿದರು. ಕಣ್ಣು ಕಂಡದ್ದನ್ನು ನಂಬಿದೆ, ಕಿವಿ ಕೇಳಿದ್ದನ್ನು ನಂಬಲಿಲ್ಲ. ಕಿವಿಗಾಗಿಯೇ ನನಗೆ ಸಂಬಳ ಕೊಡುತ್ತಿದ್ದರು.

ಮುಂದೆ ಗಣಿ ಮುಚ್ಚಿ ಹಲಗೆ ಗುಜರಿಗೆ ಹೋಗುವಾಗ ಆ ಒಂದು ಬಿಲ್ಲೆ ಬಿಡಿಸಿಕೊಂಡು ಮನೆಗೆ ತಂದೆ. ಯಾಕೆ ತಂದೆನೆಂದು ನನಗೆ ನಾನೇ ಕೇಳಿಕೊಳ್ಳಲಿಲ್ಲ. ಕ್ಷೌರದ ಡಬ್ಬಿಯಲ್ಲಿ ಬ್ಲೇಡುಗಳ ಕೆಳಗೆ ಇಪ್ಪತ್ತೊಂದು ವರ್ಷ ಬಿದ್ದಿತ್ತು. ದಿನವೂ ಅದರ ಪಕ್ಕದಲ್ಲೇ ಮುಖ ನೋಡಿಕೊಂಡಿದ್ದೇನೆ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಎರಡು ಮನೆಯ ನಡುವಿನ ಗೋಡೆಗೆ ಬಲಗಿವಿ ಇಟ್ಟು ನಿಂತೆ. ಐದು ಏಟು. ಬೆರಳು ಮಡಚಿ ಎಣಿಸಿದೆ. ಮಂಗಳವಾರ ಶುರುವಾದದ್ದು, ಇದು ಹತ್ತನೆಯ ಸಲ. ಇವತ್ತು ಎರಡು ಗಂಟೆಗೆ ಹನ್ನೊಂದನೆಯದು. ಅದಾದ ಮೇಲೆ ನಾಲ್ಕು. ಹುಲಿಗೆಮ್ಮ ಮೈ ಒರೆಸಿ ಸಾಕಿದ ಕೊರಡು ಅವಳದೇ ಬಚ್ಚಲಿನಲ್ಲಿ, ಅವಳು ಅಕ್ಕಿ ತೊಳೆಯುವಾಗ, ಬಟ್ಟೆ ಒಗೆಯುವಾಗ, ಆ ಸಾವನ್ನೆಲ್ಲ ಒಂದೊಂದಾಗಿ ಎಣಿಸಲಿದೆ. ಅವಳು ಕೆಲಸ ಬಿಟ್ಟು ಎದ್ದು ಹೋಗಿ ಅದಕ್ಕೆ ನೀರು ಹಾಕುತ್ತಾಳೆ.

ನನಗೆ ಅದನ್ನು ತಡೆಯಲಾಗಲಿಲ್ಲ. ಧೈರ್ಯವೆಂದು ಹೇಳಿಕೊಳ್ಳಲಾರೆ. ಸುಮ್ಮನಿರುವುದಕ್ಕಿಂತ ಹೇಳುವುದೇ ಸುಲಭ ಎನ್ನುವ ಹಂತಕ್ಕೆ ಬಂದಿದ್ದೆ, ಅಷ್ಟೇ.

ಹೋದಾಗ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮುಂದೆ ಕೂತು ಎಲ್ಲ ಹೇಳಿದೆ. ಕಂಬ, ಬೆರಳಿನಷ್ಟು ತುಂಡು, ಐದು ಏಟು, ನಾನು ಬರೆದದ್ದು. ಬಿಲ್ಲೆ ಇಲ್ಲದೆ ಅವನನ್ನು ಇಳಿಸಿದ ಕೇಜಿನವನು ಕೆಲಸ ಹೋಗುವ ಭಯಕ್ಕೆ ಬಾಯಿ ಮುಚ್ಚಿಕೊಂಡು ಸತ್ತಿರಬೇಕು ಎನ್ನುವುದನ್ನೂ ಹೇಳಿದೆ. ಒಂದು ರೊಟ್ಟಿ ಹೆಂಚಿನ ಮೇಲೆ ಸೀದು ಕರಿಯಾಯಿತು. ಅವಳು ತೆಗೆಯಲಿಲ್ಲ.

"ಹಂಗಾರ ಓಡಿ ಹೋಗಿಲ್ಲ," ಎಂದಳು.

"ಇಲ್ಲ ಯವ್ವಾ."

"ನಾ ಹೇಳಿದ್ದೆ."

"ಹೇಳಿದ್ದಿ."

"ನೀವು ಬಿಲ್ಲಿ ತೋರಿಸಿದ್ರಿ."

"ತೋರಿಸಿದೆ."

"ಮಜಲಿನ ಬಾಯಿ ಮುಚ್ಚಿದ ಮ್ಯಾಲ ಎಷ್ಟ ದಿನ ಇದ್ರು?"

ಸುಳ್ಳು ಹೇಳಬಹುದಿತ್ತು. "ಐದೂ ಮಂದಿ ಎರಡು ದಿನದ ಮ್ಯಾಲ. ಕೊನೀ ಒಬ್ಬ, ಏಳು ದಿನಕ್ಕಿಂತ ಹೆಚ್ಚು."

"ಕೊನೀಗೆ ಉಳದಾವ ಯಾರು?"

"ಗೊತ್ತಿಲ್ಲ. ಏಟಿನಾಗ ಹೆಸರು ಇರಂಗಿಲ್ಲ."

"ಅವ ಆಗಿರಬಾರ್ದು," ಎಂದಳು. "ಒಬ್ಬನ ಕೂತು ಬಡದಿರಬಾರ್ದು. ಅವಗ ಕತ್ತಲಿ ಅಂದ್ರ ಅಂಜಿಕಿ. ಗಣಿಯಾಗ ದುಡದ್ರೂ ಮನಿಯಾಗ ಚಿಮಣಿ ಹಚ್ಚಿಟ್ಟ ಮಲಗತಿದ್ದ." ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಅಂಥ ಸಿಟ್ಟನ್ನು ನಾನು ಎಂದೂ ನೋಡಿರಲಿಲ್ಲ. "ಇಷ್ಟ ವರ್ಷ ನನ್ನ ಕೈಯಾಗಿನ ರೊಟ್ಟಿ ತಿಂದ್ರಿ ಕಾಕಾ. ಹೆಂಗ ಇಳೀತು ಗಂಟಲಾಗ? ಏಳ್ರಿ. ಹೊರಗ ಹೋಗ್ರಿ."

ಎದ್ದು ಬಂದೆ. ಹೋಗದೆ ಏನು ಮಾಡಲಿ. ಮನೆಯ ಕಟ್ಟೆಯ ಮೇಲೆ ಬಿಸಿಲಲ್ಲೇ ಕೂತೆ. ಗೋಡೆಯಾಚೆ ಅಳುವ ಸದ್ದು ಕೇಳಿಸಲಿಲ್ಲ, ನನ್ನ ಕಿವಿಗೆ ಕೇಳಿಸದಿದ್ದರೆ ಅಳಲಿಲ್ಲ ಎಂದೇನೂ ಅಲ್ಲ. ಎರಡಕ್ಕೆ ಇನ್ನು ಹತ್ತು ನಿಮಿಷವಿದೆ ಎನ್ನುವಾಗ ಅವಳು ಬಾಗಿಲಲ್ಲಿ ಕಾಣಿಸಿಕೊಂಡಳು. ಕೈಯಲ್ಲಿ ಕೊಡತಿ ಇತ್ತು.

"ಬರ್ರಿ," ಎಂದಳು. "ಕೇಳಿದವರು ತಿರಗಿ ಬಡೀಬೇಕಲ್ಲ?"

"ನೀನ ಬಡಿ ಯವ್ವಾ. ನಿನ್ನ ಗಂಡ."

"ನಾ ಅವತ್ತ ನಂಬೀನಿ. ನನ್ನ ಉತ್ತರ ಅವಗ ಯಾಕ ಬೇಕು? ಅವ ಕಾದದ್ದು ನಿಮ್ಮ ಸಲುವಾಗಿ."

ಬಚ್ಚಲಲ್ಲಿ ಕೊರಡು ಮಣೆಯ ಮೇಲೆ ಕೂತಿತ್ತು. ಗೋಣಿತಟ್ಟು ತೆಗೆದಿದ್ದಳು. ತೊಗಟೆ ಬಿರಿದಲ್ಲೆಲ್ಲ ಬಿಳಿ ನೂಲು ಕಾಣುತ್ತಿತ್ತು. ಒದ್ದೆ ಕಟ್ಟಿಗೆಯ ವಾಸನೆ, ಗಣಿಯೊಳಗಿನ ಅದೇ ವಾಸನೆ. ಐದು ವರ್ಷ ಆ ಬಚ್ಚಲಿನ ಮುಂದೆ ಉಂಡಿದ್ದೇನೆ, ಒಂದು ದಿನವೂ ಮೂಗಿಗೆ ಅದು ಗೊತ್ತಾಗಿರಲಿಲ್ಲ. ಗಡಿಯಾರ ಎರಡು ಹೊಡೆಯಿತು.

ಟಕ್. ಟಕ್. ಟಕ್. ಟಕ್. ಟಕ್.

ಕೊಡತಿ ಎತ್ತಿದೆ. ಮೊದಲ ಏಟು ಓರೆ ಬಿತ್ತು. ಹುಲಿಗೆಮ್ಮ ಮೆಲ್ಲಗೆ "ಒಂದು" ಎಂದಳು. ಉಳಿದವನ್ನು ಸರಿಯಾಗಿ ಬಡಿದೆ. ಎರಡು, ಮೂರು, ನಾಲ್ಕು. ಐದನೆಯದನ್ನು ಬಡಿಯುವಾಗ ನಾನು ಅಳುತ್ತಿದ್ದೆ, ಎಪ್ಪತ್ತೊಂದು ವರ್ಷದ ಮುದುಕ, ಮೂಗು ಸೋರುತ್ತಿತ್ತು.

ಯಂತ್ರ ಒಂದು ಸಲ ಸಣ್ಣಗೆ ಗರಗರ ಎಂದಿತು. ಹಾಗೆ ಅದು ಎಂದೂ ಎಂದಿರಲಿಲ್ಲ. ಆಮೇಲೆ ಸುಮ್ಮನಾಯಿತು.

ಆ ರಾತ್ರಿ ಹತ್ತಕ್ಕೆ ಇಬ್ಬರೂ ಗೋಡೆಯ ಎರಡು ಬದಿಗೆ ಎದ್ದು ಕೂತಿದ್ದೆವು. ನಾಲ್ಕು ಏಟು ಬರಲಿಲ್ಲ. ಬೆಳಿಗ್ಗೆ ಆರಕ್ಕೂ ಏನೂ ಬರಲಿಲ್ಲ.

ಶನಿವಾರ ತಸ್ನೀಮ್ ಬಂದಳು. ಪರದೆಯ ಮೇಲೆ ಒಂದೇ ಒಂದು ಹಳದಿ ಚುಕ್ಕಿ ತಿರುಗಿ ಹಸಿರಾದದ್ದು ಹೇಗೆಂದು ಅವಳಿಗೆ ಬಗೆಹರಿದಿರಲಿಲ್ಲ. ಹೇಳಿದೆವು. ಕೇಳಿ ಅವಳು ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡಳು. "ಜರಡಿ ಹಾಕೂದು ಬ್ಯಾಡ," ಎಂದಳು. ಹಳದಿ ಕೊರಡಿನ ಮನೆಗಳಿಗೆಲ್ಲ ಸಂದೇಶ ಹೋಯಿತು. ಕೊರಡು ಎಷ್ಟು ಬಡಿಯುತ್ತದೋ ಅಷ್ಟೇ ಏಟು ತಿರುಗಿ ಬಡಿಯಿರಿ ಎಂದು. ಯಾಕೆಂದು ಬರೆದಿರಲಿಲ್ಲ, ಆದರೆ ಇಂಥ ಸುದ್ದಿಗೆ ಕಾಲು ತಾನೇ ಬರುತ್ತದೆ. ಭಾನುವಾರ ಮಧ್ಯಾಹ್ನ ಎರಡಕ್ಕೆ ನಮ್ಮ ಕಾಲೊನಿಯ ಸಾಲು ಸಾಲಿನಲ್ಲೂ ಕೊಡತಿ ಸದ್ದು ಎದ್ದಿತು. ಸೊಲ್ಲಾಪುರದಲ್ಲಿ ನೋಡಿದೆನೆಂದವನ ಮನೆಯಿಂದಲೂ.

ಮಂಗಳವಾರ ಮಹಾಲಯ ಅಮಾವಾಸ್ಯೆ. ಬೆಳಿಗ್ಗೆ ನೋಡಿದರೆ ಹುಲಿಗೆಮ್ಮನ ಕೊರಡಿನಲ್ಲಿ ತೊಗಟೆಯೇ ಕಾಣದಂತೆ ಅಣಬೆ ಎದ್ದಿತ್ತು. ಸತ್ವ ಮುಗಿದ ಕೊರಡು ಅಷ್ಟು ಕೊಡುವುದಿಲ್ಲ. ಅವಳು ಎಲ್ಲವನ್ನೂ ಕೊಯ್ದು ಪಲ್ಯ ಮಾಡಿದಳು. ಹಿರಿಯರಿಗೆ ಎಡೆ ಇಡುವ ದಿನ ಪ್ರತಿ ವರ್ಷವೂ ಬರುತ್ತಿತ್ತು, ಆದರೆ ಬದುಕಿರುವ ಗಂಡನಿಗೆ ಎಡೆ ಇಡುವುದು ಹೇಗೆ? ಹಾಗಾಗಿ ಅಮರೇಶನಿಗೆ ಇಪ್ಪತ್ತೆರಡು ವರ್ಷ ಒಂದು ತುತ್ತೂ ಮುಟ್ಟಿರಲಿಲ್ಲ. ನಡುಮನೆಯಲ್ಲಿ ಐದು ಎಲೆ ಹಾಕಿದಳು. ನನ್ನನ್ನೂ ಕರೆದಳು. ಕ್ಷಮಿಸಿದಳೆಂದು ನಾನು ತಿಳಿಯಲಿಲ್ಲ, ಅವಳೂ ಹಾಗೆ ಹೇಳಲಿಲ್ಲ.

ಪಕ್ಕದ ಸಾಲಿನ ಹೆಂಗಸರು ನಾಲ್ಕು ಜನ ಬಂದು ಬಾಗಿಲಲ್ಲಿ ನಿಂತಿದ್ದರು. ಒಬ್ಬಳು ಅವಳ ಹಸಿರು ಬಳೆಗಳ ಕಡೆ ನೋಡಿದಳು.

"ಬಳಿ ತಗದ್ರ ತಗೀತೀನಿ, ಇಟಗೊಂಡ್ರ ಇಟಗೋತೀನಿ," ಎಂದಳು ಹುಲಿಗೆಮ್ಮ. "ಇಷ್ಟ ದಿನ ಓಡಿ ಹೋದವನ ಹೇಣ್ತಿ ಅನಿಸ್ಕೊಂಡೆ. ಇವತ್ತಿಂದ ಸತ್ತವನ ಹೇಣ್ತಿ. ಎಷ್ಟ ಹಗರ ಐತಿ ಅಂತ ನಿಮಗೇನ ಗೊತ್ತು." ಆಗ ಅವಳಿಗೆ ಅಳು ಬಂತು. ಹೆಂಗಸರು ಒಳಗೆ ಬಂದು ಅವಳನ್ನು ಹಿಡಿದುಕೊಂಡರು.

ನಾನು ಜೇಬಿನಿಂದ ಬಿಲ್ಲೆ ತೆಗೆದು ಐದನೇ ಎಲೆಯ ಪಕ್ಕ ಇಟ್ಟೆ. ಅವಳು ನೋಡಿದಳು. ಎಲ್ಲಿತ್ತು, ಯಾಕೆ ಇಟ್ಟುಕೊಂಡಿದ್ದಿರಿ ಎಂದು ಕೇಳಲಿಲ್ಲ. ಸೆರಗಿನಿಂದ ಒರೆಸಿ, ನಂಬರಿನ ಮೇಲೆ ಬೆರಳಾಡಿಸಿ, ನನ್ನ ಕಡೆ ಚಾಚಿದಳು.

"ತಗೋರಿ. ಒಳಗ ಹೋಗ್ಯಾನ ಅಂತ ಬರಕೋರಿ."

ತಸ್ನೀಮ್ ಕೊಟ್ಟ ಕಾಗದ ಇನ್ನೂ ಜೇಬಿನಲ್ಲೇ ಇತ್ತು. ಮಡಿಕೆ ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡೆ. 'ಸದ್ದಿನ ಮೂಲ' ಎಂಬುದರ ಮುಂದೆ ಮೊದಲು ಆ ನಾಲ್ಕು ಜನರ ಹೆಸರು ಬರೆದೆ. ಅವು ನನಗೆ ಬಾಯಿಪಾಠ. ಅದರ ಕೆಳಗೆ ಮುನ್ನೂರ ಹದಿನೇಳು, ಮರದ ಕೆಲಸ, ಹದಿನಾಲ್ಕನೇ ಮಜಲು ಎಂದು ಬರೆದೆ. ಬಿಲ್ಲೆಯನ್ನು ಅಂಗೈಯಲ್ಲಿ ತೆಗೆದುಕೊಂಡೆ. ತೆಗೆದುಕೊಂಡ ಮೇಲೆ ಹೆಸರು ಕೂಗಬೇಕು.

"ಅಮರೇಶಾ," ಎಂದು ಕೂಗಿದೆ.

ಹುಲಿಗೆಮ್ಮ ಕಣ್ಣೊರೆಸಿಕೊಂಡು, ಕಿಟಕಿಯ ಮುಂದೆ ನಿಂತವಳ ಹಾಗೆ ನೆಟ್ಟಗೆ ಕೂತು, "ಹೂಂ," ಎಂದಳು.